ಅವ್ವನ ಬೆಂಚು

ಹೋದ ವಾರ ಹಾಕಿದ್ದ ಬೆಂಚಿನ ಫೋಟೋ ನೋಡಿ ತುಂಬಾ ಜನ ಕೇಳಿದ್ರಿ. ಎಲ್ಲಿ ಕೊಂಡ್ರಿ, ಎಷ್ಟಾಯ್ತು, ಯಾವ ಮರ, ನಾವೂ ಮಾಡ್ಕೋಬಹುದಾ ಅಂತ. ಗೆಳೆಯರೊಬ್ಬರಂತೂ "ಸಂಘಟನೆ ಬಿಟ್ಟು ಬಡಗಿ ಕೆಲಸ ಶುರು ಮಾಡಿದ್ರಾ?" ಅಂತ ಕಾಲೆಳೆದ್ರು. ಎಲ್ಲರಿಗೂ ಒಟ್ಟಿಗೇ ಉತ್ತರ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಮೊದಲು ಬೆಂಚು ಯಾಕೆ ಅನ್ನೋದು.

ಅವ್ವನಿಗೆ ಎಪ್ಪತ್ತು ದಾಟಿದೆ. ಊರು ಬಿಟ್ಟು ನಮ್ಮ ಜೊತೆ ಬಂದು 3 ವರ್ಷ ಆಯ್ತು. ನಮ್ಮದು 30-40ರ ಸೈಟು. ಮನೆ ಕಟ್ಟಿ ಉಳಿದ ಜಾಗ ಪೂರ್ತಿ ಅವಳದ್ದೇ. ಒಂದು ನುಗ್ಗೆ, ಒಂದು ಕರಿಬೇವು, ಎರಡು ಬಾಳೆ, ಕನಕಾಂಬರ, ದೊಡ್ಡಪತ್ರೆ, ಬೇಲಿ ಮೇಲೆ ಚಪ್ಪರದವರೆ. ಬೆಳಿಗ್ಗೆ ಎದ್ದರೆ ಅಲ್ಲೇ ಇರ್ತಾಳೆ. ಆದರೆ ಜೀವಮಾನವೆಲ್ಲ ಕಂಡೋರ ಗದ್ದೇಲಿ ನಾಟಿ ಹಾಕಿ, ಕಳೆ ಕಿತ್ತು ಮಂಡಿ ಸವೆದು ಹೋಗಿದೆ. ನೆಲದ ಮೇಲೆ ಕೂತರೆ ಏಳೋಕೆ ಆಗಲ್ಲ. ಬಹಳ ಹೊತ್ತು ನಿಲ್ಲೋಕೂ ಆಗಲ್ಲ. ಡಾಕ್ಟ್ರು ನೆಲದ ಮೇಲೆ ಕೂರಲೇಬೇಡಿ ಅಂದಿದ್ದಾರೆ.

"ಕುರ್ಚಿ ತಂದು ಹಾಕ್ತೀನಿ ಅವ್ವ" ಅಂದ್ರೆ ಒಪ್ಪಲಿಲ್ಲ. ಮನೇಲಿ ನಾವು ನಾವೇ ಇದ್ದಾಗ ಕುರ್ಚಿ ಮೇಲೆ ಕೂರ್ತಾಳೆ. ಹೊರಗಿನವರು ಬಂದರೆ, ಅದರಲ್ಲೂ ಊರ ಕಡೆಯ ಮೇಲ್ಜಾತಿಯವರು ಬಂದರೆ, ಎದ್ದುಬಿಡ್ತಾಳೆ. ಎದ್ದು ಬಾಗಿಲ ಪಕ್ಕ ನಿಲ್ತಾಳೆ, ಇಲ್ಲಾಂದ್ರೆ ಮೆಟ್ಟಿಲ ಮೇಲೆ ಕೂರ್ತಾಳೆ. ಯಾರೂ ಏಳು ಅಂದಿರಲ್ಲ. ಬಂದವರೇ ಎಷ್ಟೋ ಸಲ "ಕೂತ್ಕೊಳಮ್ಮ" ಅಂತಾರೆ. ಆದರೂ ಏಳ್ತಾಳೆ. ಅರವತ್ತು ವರ್ಷ ಮೈಗೆ ಕಲಿಸಿದ ಪಾಠ. ತಲೆ ಮರೆತರೂ ಮಂಡಿ ಮರೆಯಲ್ಲ.

ತೋಟಕ್ಕೆ ಕುರ್ಚಿ ಯಾಕೆ ಬೇಡ ಅಂದ್ರೆ ಅವಳು ಕೊಟ್ಟ ಕಾರಣ ಬೇರೆ. "ಕುರ್ಚಿ ಅಂದ್ರೆ ಒಬ್ರಿಗೆ ಕಣ್ ಮಗ. ನಾ ಕುಂತ್ರೆ ಬಂದೋರು ಎಲ್ಲಿ ಕುಂತ್ಕತ್ತಾರು?"

ಅವಳು ಸುಮ್ಮನೆ ಹೇಳಿದ್ಲು. ನನಗೆ ಮಾತ್ರ ಆ ರಾತ್ರಿ ಪೂರ್ತಿ ಅದೇ ಮಾತು ತಲೇಲಿ ತಿರುಗ್ತಾ ಇತ್ತು.

ನಮ್ಮ ದೇಶದಲ್ಲಿ ಕೂರೋದು ಅನ್ನೋದು ಮೈಗೆ ಸುಖ ಕೊಡೋ ವಿಷಯ ಅಷ್ಟೇ ಆಗಿ ಯಾವತ್ತೂ ಇರಲಿಲ್ಲ. ಯಾರು ಕೂರಬೇಕು, ಯಾರು ನಿಲ್ಲಬೇಕು, ಯಾರು ಎಷ್ಟು ಎತ್ತರದಲ್ಲಿ ಕೂರಬೇಕು ಅನ್ನೋದೇ ಜಾತಿಯ ದಿನನಿತ್ಯದ ಕಾನೂನು. ನಮ್ಮ ಭಾಷೇನೇ ನೋಡಿ. ಗೌರವ ಕೊಡೋದಕ್ಕೆ "ಮಣೆ ಹಾಕೋದು" ಅಂತೀವಿ. ಅಧಿಕಾರಕ್ಕೆ "ಕುರ್ಚಿ" ಅಂತೀವಿ. ಮಠಕ್ಕೆ "ಪೀಠ", ಅರಸನಿಗೆ "ಗದ್ದುಗೆ". ನಮ್ಮೂರಲ್ಲಿ ಅರಳಿಕಟ್ಟೆ ಇತ್ತು. ಪಂಚಾಯ್ತಿ ನಡೀತಿದ್ದದ್ದು ಅಲ್ಲೇ. ಕೇರಿಯವರ ತಂಟೆ ತಕರಾರು ತೀರ್ಮಾನ ಆಗ್ತಿದ್ದದ್ದೂ ಅಲ್ಲೇ. ಆದರೆ ಕೇರಿಯವರು ಕಟ್ಟೆ ಕೆಳಗೆ ಕೈ ಕಟ್ಟಿ ನಿಂತಿರ್ತಿದ್ರು. ನಮ್ಮಪ್ಪ ತನ್ನ ಸ್ವಂತ ಮನೆ ಜಗಲಿ ಮೇಲೆ ಕೂತು ಬೀಡಿ ಸೇದ್ತಿರುವಾಗ ದಾರೀಲಿ ಒಡೆಯರು ಬಂದ್ರೆ ಬೀಡಿ ಬಿಸಾಕಿ ಎದ್ದು ನಿಲ್ತಿದ್ದ. ಅದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಬಾಬಾಸಾಹೇಬರು ಸಾತಾರದ ಶಾಲೆಗೆ ಹೋಗುವಾಗ ಮನೆಯಿಂದ ಗೋಣಿತಾಟು ತಗೊಂಡು ಹೋಗಬೇಕಿತ್ತು. ಬೇರೆ ಮಕ್ಕಳ ಜೊತೆ ಕೂರೋ ಹಾಗಿಲ್ಲ, ಮೂಲೇಲಿ ಅದರ ಮೇಲೆ ಕೂರಬೇಕು. ಸಂಜೆ ಆ ತಾಟನ್ನ ಮತ್ತೆ ಮನೆಗೆ ಹೊತ್ತುಕೊಂಡು ಬರಬೇಕು. ಯಾಕಂದ್ರೆ ಶಾಲೆ ಗುಡಿಸೋ ಆಳು ಅದನ್ನ ಮುಟ್ಟುತ್ತಿರಲಿಲ್ಲ. "ವೇಟಿಂಗ್ ಫಾರ್ ಎ ವೀಸಾ" ಅನ್ನೋ ಆತ್ಮಕಥನದ ಬರಹದಲ್ಲಿ ಅವರೇ ಇದನ್ನ ದಾಖಲಿಸಿದ್ದಾರೆ. ಅದನ್ನ ಓದಿದಾಗೆಲ್ಲ ನನಗೆ ಕಣ್ಣಿಗೆ ಕಟ್ಟೋದು ಆ ಗೋಣಿತಾಟನ್ನ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಡೆಯೋ ಹುಡುಗ. ಕೂರೋ ಜಾಗವನ್ನೂ ತಾನೇ ಹೊತ್ತುಕೊಂಡು ತಿರುಗಬೇಕಾದ ಹುಡುಗ.

ಕೇರಳದಲ್ಲಿ ಒಂದು ಬೆಂಚಿನ ಕಥೆ ಇದೆ. ತಿರುವನಂತಪುರದ ಹತ್ತಿರ ಊರೂಟ್ಟಂಬಲಂ ಅಂತ ಊರು. ನೂರು ವರ್ಷಕ್ಕೂ ಹಿಂದೆ ಅಯ್ಯಂಕಾಳಿ ಅವರು ಪಂಚಮಿ ಅನ್ನೋ ಪುಲಯ ಹುಡುಗಿಯನ್ನ ಅಲ್ಲಿನ ಶಾಲೆಗೆ ಕರ್ಕೊಂಡು ಹೋಗಿ ಕೂರಿಸಿದ್ರು. ಮೇಲ್ಜಾತಿಯವರು ಶಾಲೆಗೇ ಬೆಂಕಿ ಇಟ್ಟರು. ಆ ಬೆಂಕೀಲಿ ಅರ್ಧ ಸುಟ್ಟು ಉಳಿದ ಒಂದು ಬೆಂಚನ್ನ ಆ ಶಾಲೆಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಒಂದು ಹುಡುಗಿ ಒಂದು ಹಲಗೆ ಮೇಲೆ ಕೂತಿದ್ದಕ್ಕೆ ಒಂದು ಶಾಲೆಯನ್ನೇ ಸುಡ್ತಾರೆ ಅಂದ್ರೆ ಆ ಹಲಗೆಗೆ ಎಷ್ಟು ಬೆಲೆ ಅಂತ ಲೆಕ್ಕ ಹಾಕಿ.

ದಕ್ಷಿಣ ಆಫ್ರಿಕಾದಲ್ಲಿ ಪಾರ್ಕಿನ ಬೆಂಚುಗಳ ಮೇಲೆ "ಬಿಳಿಯರಿಗೆ ಮಾತ್ರ" ಅಂತ ಬರೆದಿರ್ತಿದ್ರು. ಅದಕ್ಕೆಂದೇ 1953ರಲ್ಲಿ ಕಾನೂನು ಮಾಡಿದ್ರು, 1990ರಲ್ಲಿ ಅದನ್ನ ತೆಗೆದ್ರು. ಅಲ್ಲಿ ಬೋರ್ಡ್ ಇತ್ತು, ಬೋರ್ಡ್ ಕಿತ್ತು ಹಾಕೋಕೆ ಆಯ್ತು. ನಮ್ಮಲ್ಲಿ ಬೋರ್ಡೇ ಬೇಕಾಗಿರಲಿಲ್ಲ. ಬೋರ್ಡನ್ನ ನಮ್ಮವ್ವನ ಮಂಡಿಯೊಳಗೆ ಬರೆದಿದ್ರು.

ಇದೆಲ್ಲ ಹಳೇ ಕಾಲ ಅನ್ನೋರಿಗೆ ಒಂದು ಮಾತು. 2020ರಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ತೆರ್ಕು ತಿಟ್ಟೈ ಪಂಚಾಯ್ತಿಯ ಫೋಟೋ ದೇಶವೆಲ್ಲ ನೋಡಿತು. ಉಳಿದವರು ಕುರ್ಚಿ ಮೇಲೆ, ಚುನಾಯಿತ ಅಧ್ಯಕ್ಷೆ ನೆಲದ ಮೇಲೆ. ಆಕೆ ದಲಿತ ಹೆಣ್ಣುಮಗಳು. 73ನೇ ತಿದ್ದುಪಡಿ ಆಕೆಗೆ ಸೀಟು ಕೊಟ್ಟಿತ್ತು. ಕೂರೋಕೆ ಊರು ಬಿಡಲಿಲ್ಲ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿದೆ. 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರು ಹಿಡಿದು ಹೇಳಿದೆ. ಅದರ ಬಲದ ಮೇಲೇ ನಾವು ಇವತ್ತು ತಲೆ ಎತ್ತಿ ಓಡಾಡ್ತಿರೋದು. ಆದರೆ ತನ್ನ ಮನೆ ಅಂಗಳದಲ್ಲಿ ತಾನೇ ಎದ್ದು ನಿಲ್ಲೋ ಮುದುಕಿಯನ್ನ ಯಾವ ಕಾನೂನೂ ಕೂರಿಸಲಾರದು. ಅದು ಮನೆಯವರು ಮಾಡಬೇಕಾದ ಕೆಲಸ.

ಹಾಗಾಗಿ ಬೆಂಚು. ಕುರ್ಚಿಗಳಲ್ಲಿ ಮೇಲು ಕೀಳು ಮಾಡಬಹುದು. ಒಬ್ಬರಿಗೆ ಕುಶನ್ ಕುರ್ಚಿ, ಒಬ್ಬರಿಗೆ ಪ್ಲಾಸ್ಟಿಕ್ ಕುರ್ಚಿ, ಒಬ್ಬರಿಗೆ ಸ್ಟೂಲು. ಆದರೆ ಒಂದೇ ಹಲಗೆ ಮೇಲೆ ಕೂತೋರು ಬೇಕಂದ್ರೂ ಒಬ್ಬರಿಗಿಂತ ಒಬ್ಬರು ಎತ್ತರ ಆಗೋಕಾಗಲ್ಲ. ಅವ್ವನ ಪ್ರಶ್ನೆಗೂ ಅದೇ ಉತ್ತರ. ಬಂದೋರು ಎಲ್ಲಿ ಕೂರಬೇಕು? ಅವಳ ಪಕ್ಕದಲ್ಲಿ.

ಇನ್ನು ಮರದ ವಿಷಯ.

ಹೊಸ ಮರ ಕೊಳ್ಳೋಕೆ ಹೋಗಲಿಲ್ಲ. ನಮ್ಮ ಟೌನಿನ ಹೊರಗೆ ಹಳೇ ಮರದ ಮಂಡಿ ಇದೆ. ಕೆಡವಿದ ಮನೆಗಳ ತೊಲೆ, ಜಂತೆ, ಬಾಗಿಲುವಾಡ ಎಲ್ಲ ಅಲ್ಲಿಗೇ ಬರೋದು. ಹಳೇ ಮರದಲ್ಲಿ ಒಂದು ಅನುಕೂಲ ಇದೆ. ಅದು ಹತ್ತಾರು ವರ್ಷ ಒಣಗಿರುತ್ತೆ. ಇನ್ನು ಬಾಗೋದು, ಸೀಳೋದು ಕಡಿಮೆ. ಒಂದು ತೊಂದರೆಯೂ ಇದೆ. ಒಳಗೆ ಮೊಳೆ ಮುರಿದುಕೊಂಡು ಕೂತಿರುತ್ತೆ. ಗರಗಸ ಇಡೋ ಮುಂಚೆ ಒಂದು ಅಯಸ್ಕಾಂತ ಹಿಡಿದು ಉದ್ದಕ್ಕೂ ಆಡಿಸಿ ನೋಡಿ. ಗರಗಸದ ಹಲ್ಲೂ ಉಳಿಯುತ್ತೆ, ನಿಮ್ಮ ಕಣ್ಣೂ ಉಳಿಯುತ್ತೆ.

ಮರ ಗಟ್ಟಿ ಇದೆಯಾ ಅಂತ ತಿಳಿಯೋಕೆ ಬೆರಳ ಗೆಣ್ಣಿನಿಂದ ಬಡಿದು ಕೇಳಬೇಕು. ಹುಳ ತಿಂದಿದ್ರೆ ಸದ್ದು ಮಂಕಾಗಿ ಬರುತ್ತೆ. ಗಟ್ಟಿ ಇದ್ರೆ ಠಣ್ ಅನ್ನುತ್ತೆ. ಇದನ್ನ ನನಗೆ ಯಾರೂ ಕಲಿಸಿದ್ದಲ್ಲ. ಅಪ್ಪ ತಮಟೆ ಬಡೀತಿದ್ದ. ಹುಲ್ಲು ಉರಿ ಹಾಕಿ ತಮಟೆ ಕಾಯಿಸಿ, ಬೆರಳಲ್ಲಿ ಒಂದು ಏಟು ಕೊಟ್ಟು, ಕಿವಿ ವಾರೆ ಮಾಡಿ ಕೇಳೋನು. ಆ ಕಿವಿ ನನಗೂ ಬಂದಿದೆ. ನಮ್ಮ ಕಡೆ ತಮಟೆ ಅಂತೀವಿ, ಉತ್ತರ ಕರ್ನಾಟಕದ ಕಡೆ ಅದನ್ನೇ ಹಲಗೆ ಅಂತಾರೆ. ಕೂರೋ ಹಲಗೆಗೂ ಬಡಿಯೋ ಹಲಗೆಗೂ ಒಂದೇ ಪದ. ಬಡಿಯೋ ಹಲಗೆ ನಮ್ಮ ಕೈಗೆ ಕೊಟ್ಟರು, ಕೂರೋ ಹಲಗೆ ತಾವಿಟ್ಟುಕೊಂಡರು.

ಮೂಲೇಲಿ ಒಂದು ಹಲಸಿನ ತೊಲೆ ಬಿದ್ದಿತ್ತು. ಹೊಗೆ ಹಿಡಿದು ಕರ್ರಗಾಗಿತ್ತು. ಯಾವುದೋ ದೊಡ್ಡ ತೊಟ್ಟಿ ಮನೆಯದು ಅಂತ ನೋಡಿದ್ರೇ ಗೊತ್ತಾಗ್ತಿತ್ತು. ಯಾವ ಊರಿನ ಮನೆ ಅಂತ ಮಂಡಿಯವನನ್ನ ಕೇಳಿದೆ. "ಇಲ್ಲಿಗೆ ಬಂದಮೇಲೆ ಮರಕ್ಕೆ ಯಾವ ಮನೆ ಸಾರ್? ಎಷ್ಟು ಅಡಿ ಅಂತ ಕೇಳಿ" ಅಂದ. ಅವನು ಹೇಳಿದ್ದು ಸರಿಯಾಗೇ ಇದೆ. ಆದರೂ ಅಂಥ ತೊಲೆಗಳ ಕೆಳಗೆ ನಮ್ಮ ಜನ ಯಾವತ್ತೂ ನಿಂತವರಲ್ಲ. ಅಂಗಳ ದಾಟಿ ಒಳಗೆ ಹೋಗೋ ಹಾಗಿರಲಿಲ್ಲ. ಗಾಡಿ ಮೇಲೆ ಆ ತೊಲೆ ನಮ್ಮ ಮನೆಗೆ ಬರುವಾಗ ನನಗೆ ಒಳಗೊಳಗೇ ನಗು.

ಕೀಸಿದಾಗ ಅದರ ಬಣ್ಣ ನೋಡಬೇಕಿತ್ತು. ಮೇಲೆ ಮಸಿ, ಒಳಗೆ ಅರಿಶಿನ. ಹಲಸಿನ ಮರದ ಚಕ್ಕೆ ಕುದಿಸಿದ ಬಣ್ಣದಲ್ಲಿ ಬೌದ್ಧ ಭಿಕ್ಷುಗಳ ಚೀವರ ಅದ್ದೋ ರೂಢಿ ಇದೆ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಹಿಡಿದ ದಾರಿಯ ಬಣ್ಣ ಅದು ಅಂತ ಅವ್ವನಿಗೆ ಹೇಳಿದೆ. ಅವಳು ಆ ಹೊಟ್ಟನ್ನ ಬಾಚಿ ಬಾಳೆ ಬುಡಕ್ಕೆ ಹಾಕಿದ್ಲು.

ಕೆಲಸ ಹೇಳಿಕೊಟ್ಟವರು ನಮ್ಮ ಬೀದಿಯ ಕೊನೇಲಿರೋ ಹಿರಿಯ ಆಚಾರ್ರು. ಈಗ ಕಣ್ಣು ಮಂಜು, ಕೈ ನಡುಗುತ್ತೆ, ಕೆಲಸ ಬಿಟ್ಟಿದ್ದಾರೆ. ಗರಗಸ, ಉಳಿ, ಕೀಸುಳಿ, ಬೈರಿಗೆ, ಮೂಲೆಮಟ್ಟ ಎಲ್ಲ ಅವರದೇ. ಅವರು ಕಲ್ಲಿನ ಮೇಲೆ ಕೂತು ಹೇಳೋರು, ನಾನು ಮಾಡೋನು. ನಮ್ಮೂರಲ್ಲಿ ಆಚಾರ್ರು ಕೇರಿಗೆ ಕಾಲಿಡ್ತಿರಲಿಲ್ಲ. ಬಾಗಿಲು ಬೇಕಂದ್ರೆ ನಮ್ಮವರು ಅವರ ಕೊಟ್ಟಿಗೆ ಹೊರಗೆ ನಿಂತು ಅಳತೆ ಹೇಳಿ, ಆದ ಮೇಲೆ ಹೊತ್ತು ತರಬೇಕಿತ್ತು. ಜಾತಿ ಕೆಲಸವನ್ನ ಹಂಚಿ ಸುಮ್ಮನಾಗಲ್ಲ, ಕೆಲಸ ಮಾಡೋರನ್ನೇ ಒಬ್ಬರ ಮೇಲೊಬ್ಬರನ್ನ ಪೇರಿಸಿ ಇಡುತ್ತೆ ಅನ್ನೋದನ್ನ ಅಂಬೇಡ್ಕರ್ 1936ರ "ಜಾತಿ ವಿನಾಶ"ದಲ್ಲಿ ಬಿಡಿಸಿ ಹೇಳಿದ್ದಾರೆ. ಬೆವರು ಸುರಿಸೋ ಇಬ್ಬರ ಮಧ್ಯೆ ಗೋಡೆ ಎಬ್ಬಿಸಿದ್ದೇ ಅದರ ದೊಡ್ಡ ಗೆಲುವು.

ಮೊದಲ ಎರಡು ದಿನ ಅವ್ವ ಟೀ ತಂದಾಗ ಆಚಾರ್ರು "ಈಗ ತಾನೆ ಆಯ್ತು ಕಣಮ್ಮ" ಅಂದ್ರು. ಮೂರನೇ ದಿನ ಕುಡಿದ್ರು. ಅದರ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಳತೆ ಕೇಳಿದವರಿಗೆ ಇಲ್ಲಿದೆ. ಉದ್ದ 5 ಅಡಿ. ಕೂರೋ ಜಾಗಕ್ಕೆ ಎರಡು ಹಲಗೆ, ಒಂದೊಂದು 7 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಎರಡರ ನಡುವೆ ಕಾಲು ಇಂಚು ಸಂದು ಬಿಡಲೇಬೇಕು. ಮಳೆ ನೀರು ಇಳಿದು ಹೋಗುತ್ತೆ, ಮಳೆಗಾಲದಲ್ಲಿ ಮರ ಉಬ್ಬಿದ್ರೆ ಜಾಗ ಇರುತ್ತೆ. ಕಾಲುಗಳು 3 ಇಂಚು ಚೌಕ. ನೆಲದಿಂದ ಹಲಗೆ ಮೇಲಿನವರೆಗೆ ಒಟ್ಟು ಎತ್ತರ 17 ಇಂಚು. ತೀರಾ ತಗ್ಗು ಮಾಡಿದ್ರೆ ಮಂಡಿ ನೋವಿರೋರಿಗೆ ಏಳೋವಾಗ ಜೀವ ಹೋಗುತ್ತೆ. ತೀರಾ ಎತ್ತರ ಮಾಡಿದ್ರೆ ಪಾದ ನೆಲಕ್ಕೆ ಸಿಗದೆ ತೊಡೆ ಜೋಮು ಹಿಡಿಯುತ್ತೆ. ಮನೆಯ ಹಿರಿಯರನ್ನ ನಾಲ್ಕು ಇಟ್ಟಿಗೆ ಜೋಡಿಸಿ ಅದರ ಮೇಲೆ ಕೂರಿಸಿ ನೋಡಿ, ಆಮೇಲೆ ಗರಗಸ ಹಿಡೀರಿ.

ಕಾಲಿನ ತಲೇಲಿ ನಾಲಿಗೆ ಹಾಗೆ ಬಿಟ್ಟು, ಅಡ್ಡಪಟ್ಟೀಲಿ ಅದಕ್ಕೆ ಸರಿಯಾಗಿ ತೂತು ಕೊರೆದು ಕೂರಿಸಬೇಕು. "ಕೈಯಲ್ಲಿ ತಳ್ಳಿದ್ರೆ ಹೋಗಬಾರದು, ಕೊಡತೀಲಿ ಬಡಿದ್ರೆ ಒಡೀಬಾರದು" ಅಂತ ಆಚಾರ್ರ ಸೂತ್ರ. ಬೆಂಚಿನ ಜೀವ ಇರೋದೇ ಆ ಬಿಗಿಯಲ್ಲಿ. ಅಷ್ಟು ಪುರುಸೊತ್ತು ಇಲ್ಲದವರು ದಪ್ಪ ಬೋಲ್ಟು ಹಾಕಿದ್ರೂ ನಡೆಯುತ್ತೆ. ಕೆಳಗೆ ಕಾಲುಗಳ ನಡುವೆ ಒಂದು ಅಡ್ಡಪಟ್ಟಿ ಮಾತ್ರ ಬಿಡಬೇಡಿ, ಇಲ್ಲಾಂದ್ರೆ ಬೆಂಚು ಓಲಾಡುತ್ತೆ.

ಕಾಲನ್ನ ಮಣ್ಣಿಗೆ ನೇರ ಇಡಬೇಡಿ. ಗೆದ್ದಲು ಹತ್ತುತ್ತೆ, ತೇವ ಏರುತ್ತೆ. ಕೆಳಗೆ ಒಂದೊಂದು ಚಪ್ಪಡಿ ಕಲ್ಲು ಕೊಡಿ. ಮರದ ತುದಿಗಳು ನೀರನ್ನ ಜಾಸ್ತಿ ಹೀರ್ತವೆ, ಅಲ್ಲಿಗೆ ಎರಡು ಕೋಟು ಹೆಚ್ಚು ಎಣ್ಣೆ ಬೇಕು. ನಾನು ಹಚ್ಚಿದ್ದು ಅಗಸೆ ಎಣ್ಣೆ. ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಎಲ್ಲ ಸೇರಿ ಆದ ಖರ್ಚು 3,600 ರೂಪಾಯಿ. 9 ದಿನ, ದಿನಕ್ಕೆ ಎರಡೆರಡು ಗಂಟೆ.

ಬೆನ್ನಿಗೆ ಒರಗು ಯಾಕಿಲ್ಲ ಅಂತ ಕೆಲವರು ಕೇಳಿದ್ರಿ. ಒರಗು ಇದ್ದರೆ ಬೆಂಚಿಗೆ ಒಂದು ಹಿಂದು, ಒಂದು ಮುಂದು ಆಗುತ್ತೆ. ಇದರಲ್ಲಿ ಗಿಡದ ಕಡೆ ಮುಖ ಮಾಡಿಯೂ ಕೂರಬಹುದು, ಬೀದಿ ಕಡೆ ಮುಖ ಮಾಡಿಯೂ ಕೂರಬಹುದು. ಅವ್ವ ಮೊದಲ ವಾರ ಗಿಡದ ಕಡೆಗೇ ಕೂತಳು. ಬೀದಿಗೆ ಬೆನ್ನು.

ಎರಡನೇ ವಾರ ನೋಡ್ತೀನಿ, ಬೀದಿ ಕಡೆ ತಿರುಗಿ ಅವರೆಕಾಯಿ ಬಿಡಿಸ್ತಾ ಕೂತಿದ್ದಾಳೆ.

ಬೆಂಚು ಹಾಕಿ 15 ದಿನ ಆಗಿರಬಹುದು. ಒಂದು ಭಾನುವಾರ ಊರಿಂದ ಒಬ್ಬರು ಮಗಳ ಮದುವೆ ಕಾಗದ ಕೊಡೋಕೆ ಬಂದ್ರು. ಅವ್ವ 30 ವರ್ಷ ಯಾರ ಗದ್ದೇಲಿ ಕೂಲಿ ಮಾಡಿದ್ಲೋ ಆ ಮನೆಯ ಹಿರಿಮಗ. ಕೆಟ್ಟವರಲ್ಲ. ನಮ್ಮ ಮನೆಗೆ ಮದುವೆ ಕಾಗದ ಹಿಡ್ಕೊಂಡು ಬರೋ ಕಾಲ ಬಂದಿದೆಯಲ್ಲ, ಅದೇ ಒಂದು ಬದಲಾವಣೆ. ನಾನು ಒಳಗೆ ಕಿಟಕಿ ಹತ್ತಿರ ಇದ್ದೆ. ಗೇಟು ತೆಗೆದ ಸದ್ದಾಯ್ತು.

ಅವ್ವ ಅವರನ್ನ ನೋಡಿದ್ಲು. ಕೈ ತಾನಾಗೇ ಸೆರಗಿಗೆ ಹೋಯ್ತು. ಇನ್ನೊಂದು ಕೈಯನ್ನ ಹಲಗೆಗೆ ಊರಿ ಏಳೋಕೆ ಹೊರಟಳು. ಅರ್ಧ ಎದ್ದಳು. ನಾನು ಉಸಿರು ಹಿಡಿದು ನಿಂತೆ. ಹೊರಗೆ ಹೋಗಿ "ಏಳಬೇಡ ಅವ್ವ" ಅನ್ನಬಹುದಿತ್ತು. ಅದು ನನ್ನ ಮಾತಾಗ್ತಿತ್ತು, ಅವಳದ್ದಾಗ್ತಿರಲಿಲ್ಲ.

ಅರ್ಧ ಎದ್ದವಳು ಹಾಗೇ ಮತ್ತೆ ಕೂತಳು.

"ಬನ್ನಿ ಬುದ್ಧಿ, ಕುಂತ್ಕಳಿ. ಮಂಡಿ ನೋವು ಕಣಿ, ಏಳಕಾಗದಿಲ್ಲ ನಂಗೆ."

ಅವರು ಒಂದು ಗಳಿಗೆ ನಿಂತರು. ಸುತ್ತ ಬೇರೆ ಕುರ್ಚಿ ಇರಲಿಲ್ಲ. ಬೆಂಚಿನ ಆ ತುದೀಲಿ ಕೂತರು. ಇಬ್ಬರ ಮಧ್ಯೆ ಅವರೆಕಾಯಿ ಮೊರ. ಇಬ್ಬರೂ 17 ಇಂಚು ಎತ್ತರದಲ್ಲಿ. ಮಳೆ ಬಗ್ಗೆ, ಮದುವೆ ಛತ್ರದ ಬಾಡಿಗೆ ಬಗ್ಗೆ ಮಾತಾಡಿದ್ರು. ಹೋಗುವಾಗ ಅವರು "ಬೆಂಚು ಚೆನ್ನಾಗದೆ ಕಣಮ್ಮ, ಹಲಸಾ?" ಅಂದ್ರು. "ಊಂ, ನನ್ ಮಗ ಮಾಡಿದ್ದು" ಅಂದಳು ಅವ್ವ.

ಬಾಯಿ ಇನ್ನೂ "ಬುದ್ಧಿ" ಅಂತಾನೇ ಅಂತು. ಮೈ ಮಾತ್ರ ಏಳಲಿಲ್ಲ.

ಅವರು ಹೋದ ಮೇಲೆ ನಾನು ಹೊರಗೆ ಹೋಗಿ "ಏನವ್ವ, ಮಂಡಿ ಜಾಸ್ತಿ ನೋಯ್ತಿದೆಯಾ? ಮಾತ್ರೆ ಕೊಡ್ಲಾ?" ಅಂದೆ. ಮೊರದಿಂದ ಮುಖ ಎತ್ತದೆ "ಈಗ ವಾಸಿ ಕಣ್ ಹೋಗು" ಅಂದಳು. ಅವತ್ತು ಬೆಳಿಗ್ಗೆ ಅದೇ ಮಂಡೀಲಿ ಎರಡು ಬಿಂದಿಗೆ ನೀರು ಹೊತ್ತು ಬಾಳೆಗೆ ಹುಯ್ದಿದ್ದನ್ನ ನಾನು ನೋಡಿದ್ದೆ. ಬಾಯಿ ಬಿಡಲಿಲ್ಲ. ಅವಳಿಗೆ ಅಷ್ಟು ನೆಪ ಬೇಕಿತ್ತು, ಇಟ್ಟುಕೊಳ್ಳಲಿ. ನಮ್ಮ ಹಿರೀಕರು ಎಷ್ಟೋ ಅವಮಾನಗಳನ್ನ ನೆಪ ಹೇಳಿ ದಾಟಿದ್ದಾರೆ. ಒಂದು ಮರ್ಯಾದೆಯನ್ನೂ ನೆಪ ಹೇಳಿಯೇ ಪಡೆದುಕೊಳ್ಳಲಿ.

ಒಂದು ಬೆಂಚಿಂದ ಜಾತಿ ಹೋಗುತ್ತಾ ಅಂತ ಕೇಳೋರು ಇದ್ದೇ ಇರ್ತಾರೆ. ಹೋಗಲ್ಲ. ಭೂಮಿ ಬೇಕು, ಓದು ಬೇಕು, ಕೆಲಸ ಬೇಕು, ಕಾಯ್ದೆ ಜಾರಿ ಆಗಬೇಕು. ಅದಕ್ಕೆಲ್ಲ ಬೀದೀಲಿ ಹೋರಾಟ ಇದ್ದೇ ಇದೆ. ಆದರೆ ಬೀದೀಲಿ ಧಿಕ್ಕಾರ ಕೂಗಿ ಮನೆಗೆ ಬರೋ ನಾವು, ನಮ್ಮ ಅವ್ವಂದಿರು, ಅಜ್ಜಿಯರು ನಮ್ಮದೇ ಅಂಗಳದಲ್ಲಿ ಎಲ್ಲಿ ಕೂರ್ತಾರೆ ಅಂತ ಒಮ್ಮೆ ತಿರುಗಿ ನೋಡಬೇಕು.

ನಮ್ಮ ಹುಡುಗರಿಗೆ ಒಂದು ಸಲಹೆ. ಏಪ್ರಿಲ್ 14ಕ್ಕೆ ಫ್ಲೆಕ್ಸಿಗೆ ಸಾವಿರಾರು ರೂಪಾಯಿ ಹಾಕ್ತೀವಿ. ಒಂದು ಫ್ಲೆಕ್ಸ್ ಕಡಿಮೆ ಮಾಡಿ ನಿಮ್ಮ ಕೇರಿಯ ಅಂಬೇಡ್ಕರ್ ಭವನದ ಮುಂದೆ, ಇಲ್ಲ ಅಂಗನವಾಡಿ ಮುಂದೆ, ಒಂದು ಬೆಂಚು ಮಾಡಿ ಹಾಕಿ. ಕೊಂಡು ತರಬೇಡಿ, ಕೈಯಾರೆ ಮಾಡಿ. ಜೊತೆಗೆ ನಾಲ್ಕು ಗಿಡ ನೆಡಿ. ಬೆಂಚಿನ ಮೇಲೆ ದಾನಿಗಳ ಹೆಸರು, ಸಂಘದ ಹೆಸರು ಏನೂ ಬರೆಸಬೇಡಿ. ಹೆಸರು ಬರೆದ ಕೂಡ್ಲೇ ಅದು ಒಬ್ಬರದ್ದಾಗಿಬಿಡುತ್ತೆ. ಮೊದಲು ಕೇರಿಯ ಹಿರಿಯ ಹೆಣ್ಣುಮಕ್ಕಳನ್ನ ಕೂರಿಸಿ, ಆಮೇಲೆ ನೀವು ಕೂತ್ಕೊಳ್ಳಿ.

ಅಳತೆ ಬರೆದ ಚೀಟಿಯ ಫೋಟೋ ಕೆಳಗೆ ಹಾಕಿದ್ದೀನಿ. ಮಾಡಿದವರು ನಿಮ್ಮ ಬೆಂಚಿನ ಫೋಟೋ ಕಳಿಸಿ. ಅದರ ಮೇಲೆ ಯಾರಾದ್ರೂ ಕೂತಿರೋ ಫೋಟೋನೇ ಆಗಿರಲಿ.

ಜೈ ಭೀಮ್.